ಕಾಲು ಇಂಚು ಹೆಚ್ಚಿದ್ದ ವಿಮಾನ

೧೯೬೧ರ ಬೇಸಿಗೆಯಲ್ಲಿ ದಾವಣಗೆರೆಯ ದಸ್ತಗೀರ್ ಸಾಬರು ಕೆಲಸ ಕೇಳಲು ಹರಿಹರದ ಎರಕದ ಕಾರ್ಖಾನೆಯೊಂದಕ್ಕೆ ಮರದ ವಿಮಾನ ಒಯ್ದರು. ಜೊತೆಗೆ ನಾನೂ ಹೋಗಿದ್ದೆ. ಆಗ ನಾನು ಊರಿನ ಪತ್ರಿಕೆಯೊಂದರ ಹೊಸ ವರದಿಗಾರ. ಹಳೆಯ ಮಾಸಿಕದಿಂದ ವಿಮಾನದ ನಕ್ಷೆ ಕತ್ತರಿಸಿ ಕೊಟ್ಟವನು ನಾನೇ.

ಎರಕದ ಅಚ್ಚು ತೆಗೆಯಲು ಬೇಕಾದ ಮರದ ಮಾದರಿ ಕೆತ್ತುವುದು ಸಾಬರ ಕಸುಬು. ಅವರಿದ್ದ ಕಾರ್ಖಾನೆ ಮುಚ್ಚಿ ವರ್ಷವಾಗಿತ್ತು. ಹರಿಹರದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಕೈಕೆಲಸದ ನಮೂನೆ ತರಬೇಕೆಂದಿದ್ದರು.

“ಹಲ್ಲಿನ ಚಕ್ರ ಎಲ್ರೂ ತರ್ತಾರ. ನಾನ್ಯಾಕ ತರ್ಲಿ?” ಅಂದರು ಸಾಬರು.

ಅವರು ಕೆತ್ತಿದ ವಿಮಾನಕ್ಕೆ ತಲೆಯ ಮೇಲೆ ಎರಡು ಅಡಿಯ ರೆಕ್ಕೆ, ಅದರ ಕೆಳಗೆ ನಾಲ್ವರು ಕೂರುವ ಕೋಣೆ, ಬೆರಳಿನ ಉಗುರಿನಷ್ಟು ಕಿಟಕಿಗಳು. ಅಲ್ಲಿಯವರೆಗೆ ನಾನು ವಿಮಾನವನ್ನು ನೋಡಿದ್ದು ಕೆಳಗಿನಿಂದ ಮಾತ್ರ. ಆದರೂ ಕಿಟಕಿಗಳ ಬಗ್ಗೆ ಅವರಿಗೆ ಸಲಹೆ ಕೊಟ್ಟಿದ್ದೆ.

ಬಸ್ಸಿನಲ್ಲಿ ಸಾಬರು ಅದನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. “ಸಾಬ್ರೆ, ಇದಕ್ಕೂ ಟಿಕೆಟ್ ಐತೆ” ಅಂದ ಕಂಡಕ್ಟರ್.

“ಅದು ಹಾರ್ಕೊಂಡೇ ಹೊಂಟಿತ್ತು. ನಾನೇ ಬ್ಯಾಡ ಅಂದೆ.”

ಕಾರ್ಖಾನೆಯ ಎಂಜಿನಿಯರು ನಗಲಿಲ್ಲ. ನಾವು ತಂದಿದ್ದ ನಕ್ಷೆ ಬಿಚ್ಚಿ, ಉಕ್ಕಿನ ಅಳತೆಪಟ್ಟಿ ಇಟ್ಟು ರೆಕ್ಕೆ ಅಳೆದರು. “ಕಾಲು ಇಂಚು ಹೆಚ್ಚೈತಲ್ರೀ.”

ಸಾಬರು ತಮ್ಮ ಪಟ್ಟಿಯನ್ನು ತೆಗೆದು ಒಮ್ಮೆ ನೋಡಿದರು. ಎರಕ ಹೊಯ್ದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೇ ಈ ಕಸುಬಿನವರ ಪಟ್ಟಿಯಲ್ಲಿ ಒಂದೊಂದು ಅಡಿಯೂ ನಿಜವಾದ ಅಡಿಗಿಂತ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ. ಶೋಕಿಗೆ ಇಡುವ ವಿಮಾನಕ್ಕೂ ಸಾಬರ ಕೈ ಅಭ್ಯಾಸದಂತೆ ಅದೇ ಪಟ್ಟಿಯನ್ನು ಹಿಡಿದಿತ್ತು.

“ತಪ್ಪೈತ್ರಿ” ಅಂದರು. “ಮರಕ್ಕೆ ತಪ್ಪು, ಕಬ್ಬಿಣಕ್ಕಲ್ಲ. ಹೊಯ್ಸಿ ನೋಡ್ರಿ.”

“ಕಬ್ಬಿಣದ ವಿಮಾನ?”

“ಹಾರಿಸ್ರಿ ಅಂದೆನಾ? ಅಳೀರಿ ಅಂದೆ.”

ಎಂಜಿನಿಯರು ಮಾದರಿಯನ್ನು ಎರಕದ ಮನೆಗೆ ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಮಾಧಾನದ ಮಾತು ಶುರುಮಾಡಿದೆ. ಸಾಬರಾಗಲೇ ಗೊರಕೆ ಹೊಡೆಯುತ್ತಿದ್ದರು.

ಮೂರು ದಿನ ಬಿಟ್ಟು ಮತ್ತೆ ಹೋದೆವು. ಅಚ್ಚಿನ ಬೂದು ಮರಳು ಇನ್ನೂ ಅಂಟಿದ್ದ ಕಬ್ಬಿಣದ ವಿಮಾನ ಮೇಜಿನ ಮೇಲಿತ್ತು. ಎಂಜಿನಿಯರು ಎರಡು ಸಲ ಅಳೆದರು. ಸರಿಯಾಗಿ ಎರಡು ಅಡಿ.

“ಸೋಮವಾರ ಬರ್ರಿ” ಅಂದರು.

“ಇದು?”

“ತಗೊಂಡ್ ಹೋಗ್ರಿ. ಇಲ್ಲಿ ಹತ್ತೋರು ಯಾರೂ ಇಲ್ಲ.”

ಸಾಬರು ನಿವೃತ್ತರಾಗುವವರೆಗೆ ಅಲ್ಲೇ ಕೆಲಸ ಮಾಡಿದರು. ಕಬ್ಬಿಣದ ವಿಮಾನ ಈಗ ದಾವಣಗೆರೆಯ ಸರಸ್ವತಿ ನಗರದಲ್ಲಿ ಅವರ ಮಗಳ ಮನೆಯಲ್ಲಿದೆ. ಗಾಳಿಗೆ ಮುಂಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾರೆ. ಮೊನ್ನೆ ಹೋದಾಗ ಎತ್ತಿ ನೋಡಿದೆ. ಎರಡೂ ಕೈ ಬೇಕಾದವು.