ಐವತ್ತಾರಕ್ಕಿಂತ ಕಡಿಮೆ ಇಲ್ಲ

ತಲೆಯ ಮೇಲೆ ಬಳೆಬುಟ್ಟಿ ಹೊತ್ತು ಮಾರಿ, ಆಮೇಲೆ ಹುಬ್ಬಳ್ಳಿ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಅಲ್ಲಿ ನನ್ನ ಮಗಳು ಕೂತರೆ ಗಿರಾಕಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅದೇ ಹುಡುಗಿ ಶಾಲೆಯ ಹೊಸ್ತಿಲು ದಾಟಿದಳೋ, ಬಾಯಿಗೆ ಬೀಗ. ಹೆಸರು ಕೇಳಿದರೂ ಹೇಳುತ್ತಿರಲಿಲ್ಲ.

ವರ್ಷದ ಪರೀಕ್ಷೆಗೆ ಧಾರವಾಡದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರೆದುರು ಬಾಯಿಬಿಟ್ಟು ಮಗ್ಗಿ ಹೇಳಿದವರಷ್ಟೇ ಪಾಸಾಗಿ ಮುಂದಿನ ಇಯತ್ತೆಗೆ. ದಡ್ಡರೆನಿಸಿದ ಮಕ್ಕಳಿಗೆ ಆ ದಿನ ಜ್ವರ ಬರುವುದು ಆಗಿನ ಪದ್ಧತಿ. ಶಾಲೆಯ ಮಾನ ಉಳಿಯಲೆಂದು ಶಾಲೆಯವರೇ ಮನೆಗೆ ಹೇಳಿ ಕಳಿಸುತ್ತಿದ್ದರು. ನಾನೂ ಮಗಳಿಗೊಂದು ಜ್ವರ ಗೊತ್ತುಮಾಡಿದ್ದೆ. ಹೇಗೂ ಈ ಸಲವೂ ಪಾಸಿಲ್ಲ, ಆಮೇಲೆ ಶಾಲೆ ಬಿಡಿಸುವುದೆಂದೂ ನಿಶ್ಚಯಿಸಿದ್ದೆ.

ಅವಳಿಗೆ ಕಲಿಸುವ ಅಕ್ಕೋರು ಒಂದು ಸಂಜೆ ಬಳೆ ಕೊಳ್ಳಲು ಬಂದರು. ಬೆಲೆ ಇಳಿಸಲು ಕೇಳಿದ ಅವರನ್ನೂ ಮಗಳು ಬಿಡಲಿಲ್ಲ.

"ಅಷ್ಟಕ್ಕ ಬೇಕಂದ್ರ ಒಂದ ಕೈಗೆ ಇಟ್ಕೋರಿ, ಅಕ್ಕೋರ."

ಅಕ್ಕೋರು ಅವಳನ್ನೇ ಒಂದು ಗಳಿಗೆ ನೋಡಿ ನನ್ನ ಕಡೆ ತಿರುಗಿದರು.

"ಜ್ವರಾ ಗಿರಾ ಏನೂ ಬ್ಯಾಡ್ರಿ. ಸಾಹೇಬರ ಎದುರಿಗೇ ಕುಂದರಸ್ತೇನಿ."

"ನಿಮ್ಮ ಹೆಸರು ಕೆಡತೈತ್ರಿ."

"ನನ್ನ ಹೆಸರಿನ ಚಿಂತಿ ನನಗಿರಲಿ. ನೀವು ಬಳಿ ಕಟ್ರಿ."

ಪರೀಕ್ಷೆಯ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಸಾಹೇಬರು ಮಗಳನ್ನು ಕೇಳಿದರು, "ಏಳೆಂಟ್ಲೆ?" ಇನ್ನೊಮ್ಮೆ ಕೇಳಿದರು. ಇವಳಿಗಿಂತ ಗೋಡೆ ಮೇಲು.

ಆಗ ಅಕ್ಕೋರು ಸೆರಗು ಸರಿಮಾಡಿಕೊಂಡು, ಥೇಟ್ ಗಿರಾಕಿಯ ಹಾಗೆ ಮುಖ ಸಿಂಡರಿಸಿ, "ಏನವಾ, ಏಳೆಂಟ್ಲೆ ಐವತ್ತಕ್ಕ ಕೊಡ್ತಿಯೇನು?" ಎಂದರು. ಈ ಶಿಕ್ಷಕಿಗೇ ಮಗ್ಗಿ ಬರುವುದಿಲ್ಲವೆಂದು ಸಾಹೇಬರು ಕಣ್ಣರಳಿಸಿದರು.

"ಐವತ್ತಕ್ಕ ಯಾರ್ ಕೊಡ್ತಾರ್ರಿ? ಐವತ್ತಾರು. ಒಂದ ಮಾತು," ಎಂದಳು ಮಗಳು.

"ಐವತ್ತೈದು ಮಾಡು."

"ಮುಂದಿನ ಅಂಗಡ್ಯಾಗ ಕೇಳಿ ಬರ್ರಿ. ಅಲ್ಲೂ ಐವತ್ತಾರ."

ಸಾಹೇಬರ ಮೀಸೆ ಅಲುಗಿತು. ಕೋಟಿನ ಅಂಚು ಎತ್ತಿಕೊಂಡು ಅವರೂ ಅವಳೆದುರು ಕುಕ್ಕರಗಾಲಲ್ಲಿ ಕೂತರು.

"ಒಂಬತ್ತೇಳ್ಲೆ ಅರವತ್ತಕ್ಕ ಮುಗಸವಾ."

"ಅರವತ್ಮೂರ್ರಿ."

"ಹೋಗ್ಲಿ, ಎಪ್ಪತ್ತ ಕೊಡ್ತೇನಿ."

"ಬ್ಯಾಡ್ರಿ. ಅರವತ್ಮೂರಂದ್ರ ಅರವತ್ಮೂರು."

ಸಾಹೇಬರು ಪಾಸು ಮಾಡಿದರು. ಏಳುವಾಗ ಮಾತ್ರ ಅಕ್ಕೋರು ಕೈ ಹಿಡಿದೆತ್ತಬೇಕಾಯಿತು.

ಕಲಿಸುವವರಿಗೆ ನನ್ನ ಪುಕ್ಕಟೆ ಸಲಹೆ: ಮಗುವಿನ ಬಾಯಿ ಎಲ್ಲಿ ತೆರೆಯುತ್ತದೆಯೋ ಅಲ್ಲಿಗೊಮ್ಮೆ ಹೋಗಿ ಬನ್ನಿ. ಹೋದಾಗ ಚೌಕಾಸಿ ಮಾತ್ರ ಬೇಡ.

ಮಗಳು ಶಾಲೆಯಲ್ಲೇ ಉಳಿದಳು. ಆದರೆ ಎಪ್ಪತ್ತು ಕೊಡುತ್ತೇನೆಂದ ಗಿರಾಕಿಯನ್ನು ಅರವತ್ಮೂರಕ್ಕೆ ಇಳಿಸುವುದನ್ನು ನಮ್ಮ ಅಂಗಡಿಯಲ್ಲಿ ಯಾರೂ ಕಲಿಸಿರಲಿಲ್ಲ. ಅದು ಅಕ್ಕೋರು ಕಲಿಸಿದ್ದು.