ಯೋಗೀಶ ಮಾವನ ಒಂದೇ ಒಂದು ಸೀಸನ್

ನಮ್ಮ ಮನೆಯವನೊಬ್ಬ ಟಿ.ವಿ.ಯಲ್ಲಿ ಕಬಡ್ಡಿ ಆಡುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಹೇಳಿದವರು ಪಕ್ಕದ ಮನೆಯ ಲಿಲ್ಲಿಬಾಯಿ. ರಿಟೈರ್ಡ್ ಟೀಚರ್. ನಮ್ಮಲ್ಲಿ ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ, ಹಾಗಾಗಿ ಅವರಿಗೆ ಎದುರು ಮಾತಾಡುವ ಧೈರ್ಯ ನಮಗಿರಲಿಲ್ಲ.

ಆಗೆಲ್ಲ ನಮ್ಮ ಬೋಳಾರದಲ್ಲಿ ಸಂಜೆ ಎಂದರೆ ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದಿನ ಕಬಡ್ಡಿ ಅಂಕಣ. ಹಂಚಿನ ಹುಡಿ ಬೆರೆತ ಕೆಂಪು ಮಣ್ಣು. ದೊಡ್ಡವರು ಬರುವ ಮೊದಲು ನಾವು ಮಕ್ಕಳು ನೀರು ಚಿಮುಕಿಸಿ, ಹುಡುಗ ಹುಡುಗಿ ಎಂದು ನೋಡದೆ ಆಡಿ, ಮೊಣಕಾಲು ತರಚಿಕೊಂಡು ಏಳುತ್ತಿದ್ದೆವು. ಹೊಳೆಯ ಕಡೆಯಿಂದ ಉಪ್ಪು ಗಾಳಿ, ಯಾರದೋ ಮನೆಯಿಂದ ಬಂಗುಡೆ ಮೀನು ಕಾಯಿಸುವ ಪರಿಮಳ, ಆಟಗಾರರ ಮೈಯಿಂದ ನೀಲಗಿರಿ ಎಣ್ಣೆಯ ವಾಸನೆ. ಅಮ್ಮನ ತಮ್ಮ ಯೋಗೀಶ ಮಾವ ಅಲ್ಲಿ ಬರಿಗಾಲಲ್ಲಿ ಮೂಲೆಗೆ ನಿಂತನೆಂದರೆ ರೈಡಿಗೆ ಬಂದವನ ಕಾಲು ಅವನ ಕೈಗೆ ಸಿಕ್ಕಿತೆಂದೇ ಲೆಕ್ಕ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಟಿ.ವಿ.ಯಲ್ಲಿ ಬರುವ ದೊಡ್ಡ ಲೀಗಿನ ಒಂದು ತಂಡ ಮಾವನನ್ನು ಆರಿಸಿಕೊಂಡಿತು. ಯುವಕ ಮಂಡಲದವರು ಆ ವಾರವೇ ಸನ್ಮಾನ ಇಟ್ಟರು. ನಮ್ಮ ಊರಲ್ಲಿ ಶಾಲು ಹೊದೆಸುವುದಕ್ಕೆ ಬಹಳ ಅವಸರ.

"ಆಡಿ ಬರಲಿ, ಮತ್ತೆ ಮಾಡಿದ್ರೆ ಆಗುದಿಲ್ವಾ?" ಎಂದಳು ಅಮ್ಮ.

"ಎಂತ ಅಕ್ಕ ನೀವು, ಮತ್ತೆ ಅವ ನಮ್ಮ ಕೈಗೆ ಸಿಗ್ಲಿಕ್ಕುಂಟಾ?" ಎಂದರು ಮಂಡಲದ ಅಧ್ಯಕ್ಷರು.

ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ನಮ್ಮ ಓಣಿಯ ಬಾಯಲ್ಲಿ ಮನೆಯ ಹಂಚಿನ ಮಾಡಿಗಿಂತ ಎತ್ತರದ ಫ್ಲೆಕ್ಸ್ ಎದ್ದಿತು. ಒಂದು ಪಂದ್ಯವನ್ನೂ ಆಡದ ಮಾವ ಅದರಲ್ಲಿ ತೊಡೆ ತಟ್ಟಿ ನಿಂತಿದ್ದ.

ಮೊದಲ ಪಂದ್ಯದ ದಿನ ಓಣಿಯೇ ನಮ್ಮ ಮನೆಯಲ್ಲಿತ್ತು. ಅಮ್ಮ ಬೀಡಿ ಕಟ್ಟುವ ಮೊರ ಬದಿಗಿಟ್ಟು ಗೋಳಿಬಜೆ ಕಾಯಿಸಿದಳು. ಲಿಲ್ಲಿಬಾಯಿ ಕುರ್ಚಿ ಸಮೇತ ಬಂದರು. ಮಾವ ಆಡಲಿಲ್ಲ. ಟ್ರ್ಯಾಕ್‌ಸೂಟ್ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ ಕುಳಿತಿದ್ದ. ಮುಂದಿನ ಪಂದ್ಯದಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ.

"ಕೂತುಕೊಳ್ಳಲಿಕ್ಕೂ ಸಂಬಳ ಉಂಟಾ ಮಾರಾಯ್ತಿ?" ಎಂದು ಲಿಲ್ಲಿಬಾಯಿ ನಕ್ಕರು. ಶಾಲೆಯಲ್ಲಿ ಹುಡುಗರು, "ನಿನ್ನ ಮಾವ ನೀರಿನ ಬಾಟ್ಲಿ ಕೊಡ್ಲಿಕ್ಕೆ ಹೋದದ್ದಾ?" ಎಂದು ಕೇಳಿದರು. ನಾನು ಫ್ಲೆಕ್ಸಿನ ಕೆಳಗೆ ತಲೆ ತಗ್ಗಿಸಿ ಹೋಗುವುದನ್ನು ಕಲಿತೆ.

ಸೀಸನ್ ಮುಗಿಯುವ ಹೊತ್ತಿಗೆ, ಸೋಲುವುದು ಖಚಿತವಾಗಿದ್ದ ಒಂದು ಪಂದ್ಯದ ಕೊನೆಯ ಗಳಿಗೆಯಲ್ಲಿ ಮಾವನನ್ನು ಇಳಿಸಿದರು. ತಂಡದ ಕ್ಯಾಂಪಿನಲ್ಲಿ ಶೂ ಹಾಕಿ ಎಷ್ಟು ಆಡಿದ್ದರೂ ಅವನ ಕಾಲಿಗೆ ಗೊತ್ತಿದ್ದದ್ದು ಮಣ್ಣು ಮಾತ್ರ. ರೈಡರ್ ಇನ್ನೂ ದೂರದಲ್ಲಿದ್ದ. ಹಿಂದೆ ಸರಿಯುತ್ತಿದ್ದ ಮಾವ ಮ್ಯಾಟಿನ ಮೇಲೆ ಜಾರಿ ಗೆರೆಯ ಹೊರಗೆ ಬಿದ್ದ. ಯಾರೂ ಮುಟ್ಟದೆ ಔಟ್. ಅದನ್ನೇ ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದರು. ಕಾಮೆಂಟರಿಯವರು ನಗುತ್ತಿದ್ದರು. ಅಮ್ಮ ಎದ್ದು ಟಿ.ವಿ. ಬಂದ್ ಮಾಡಿದಳು. ತಟ್ಟೆಯಲ್ಲಿದ್ದ ಗೋಳಿಬಜೆಗೆ ಯಾರೂ ಕೈ ಹಾಕಲಿಲ್ಲ.

ಮಾವ ಊರಿಗೆ ಬಂದಾಗ ಓಣಿಯ ಬಾಯಿ ಬಿಟ್ಟು, ಹಿಂದೆ ನೀರು ಹರಿಯುವ ತೋಡಿನ ಬದಿಯಿಂದ ಸುತ್ತು ಹಾಕಿ ಅಡುಗೆಮನೆಯ ಬಾಗಿಲಿಗೆ ಬಂದ. ನಾವು ಯಾರೂ ಆಟದ ಸುದ್ದಿ ಎತ್ತಲಿಲ್ಲ. "ಊಟ ಮಾಡು" ಎಂದಳು ಅಮ್ಮ, ಅಷ್ಟೆ. ಆಮೇಲೆ ಕಿಟಕಿಯ ಪರದೆ ಎಳೆದಳು. ಅವನು ಮನೆಯಲ್ಲಿದ್ದಷ್ಟು ದಿನವೂ ಅದು ಎಳೆದೇ ಇತ್ತು.

ಮಳೆ ಹಿಡಿಯುವ ಮೊದಲು ತಂಡದ ಕೋಚ್ ಫೋನ್ ಮಾಡಿದರು. ಕ್ಯಾಂಪಿಗೆ ಪುನಃ ಬಾ, ನಿನ್ನ ಹಿಡಿತ ಒಳ್ಳೆಯದುಂಟು, ಕಾಲು ನಾವು ಸರಿ ಮಾಡ್ತೇವೆ ಎಂದರಂತೆ. ಮಾವ ಫೋನ್ ಹಿಡಿದುಕೊಂಡೇ ಅಮ್ಮನ ಮುಖ ನೋಡಿದ.

"ಎಂತ ಮಾಡುದು ಅಕ್ಕ?"

ಅಮ್ಮ ಬೀಡಿಯ ಎಲೆಯಿಂದ ಕಣ್ಣೆತ್ತಲಿಲ್ಲ. "ಪುನಃ ಟಿ.ವಿ.ಯಲ್ಲಿ ಬಿದ್ರೆ ನಾವು ಈ ಓಣಿಯಲ್ಲಿ ತಲೆ ಎತ್ತಿ ನಡೀಲಿಕ್ಕುಂಟಾ ಯೋಗೀ?"

ಅವನು ಹೋಗಲಿಲ್ಲ. ಬೈಕಂಪಾಡಿಯ ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ. ಕೆಂಪು ಅಂಕಣಕ್ಕೂ ಮತ್ತೆ ಇಳಿಯಲಿಲ್ಲ. ಈಗ ಇಳಿಯುತ್ತೇನೆಂದರೂ ಅಂಕಣ ಇಲ್ಲ, ಅಲ್ಲಿ ಫ್ಲ್ಯಾಟಿನವರ ಕಾರು ನಿಲ್ಲುತ್ತದೆ. ಆ ಓಣಿಯ ಮಕ್ಕಳ ಮೊಣಕಾಲಿನಲ್ಲಿ ಈಗ ತರಚಿದ ಕಲೆಯೇ ಕಾಣುವುದಿಲ್ಲ. ಅಪರೂಪಕ್ಕೆ ರೈಡಿಗೆ ಹೋದಾಗ ಮಾವ ಉಸಿರು ಬಿಗಿಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ಸ್ವರ ಹೇಗಿತ್ತೆಂದು ನೆನಪಿಸಲು ಹೋದರೆ ನನಗೆ ಸರಿಯಾಗಿ ನೆನಪಾಗುವುದಿಲ್ಲ. ನಾಚಿಕೆ ಎಂದರೆ ಅವನು ಬಿದ್ದದ್ದು ಎಂದು ಎಷ್ಟೋ ವರ್ಷ ತಿಳಿದಿದ್ದೆ. ಅಲ್ಲ, ನಾವು ಪರದೆ ಎಳೆದದ್ದು.

ಗೋಡೌನಿನ ಸಂಬಳದಿಂದ ಮಾವನೇ ನನ್ನ ಫೀಸು ಕಟ್ಟಿದ. ವಾಮಂಜೂರಿನ ಕಾಲೇಜಿಗೆ ಎರಡು ಬಸ್ಸು ಹಿಡಿದು ಹೋಗಿ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆಯ ಮೊದಲ ಡಿಗ್ರಿ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಡಿಗ್ರಿ ಕೊಡುವ ಸಮಾರಂಭಕ್ಕೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು, ಅಮ್ಮನ ಜೊತೆ ಕೊನೆಯ ಸಾಲಿನಲ್ಲಿ ಕುಳಿತಿದ್ದ. ನಾನು ಸರ್ಟಿಫಿಕೇಟ್ ತಂದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಅಂಚಿನಲ್ಲಷ್ಟೇ ಹಿಡಿದು ತುಂಬ ಹೊತ್ತು ನೋಡಿದ. ಪಕ್ಕದಲ್ಲಿ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡುತ್ತಿದ್ದಳು.

"ಕೆಲಸಕ್ಕೆ ಸೇರಿದ ಮೇಲೆ ಎಲ್ಲರ ಎದುರು ಒಂದು ಸಲ ಎಂತಾದ್ರೂ ತಪ್ಪಿದ್ರೆ ಮನೆಗೆ ಓಡಿ ಬರ್ಬೇಡ ಆಯ್ತಾ ಮಗಾ," ಎಂದ ಮಾವ. "ಮಾರನೇ ದಿವ್ಸ ಪುನಃ ಹೋಗು. ಯಾರು ಬೇಡ ಅಂದ್ರೂ ಹೋಗು."