ವಿಷಲ್ ಜೇಬಿಗೆ ಹೋದ ಮೇಲೆ ಹೊರಟ ಕಾರು

ಕಳೆದ ವರ್ಷ ಯುಗಾದಿ ಮುಗಿದ ವಾರ. ಚಳ್ಳಕೆರೆಯಿಂದ ಮೊಳಕಾಲ್ಮೂರು ಹತ್ತಿರದ ಸಿದ್ದಾಪುರಕ್ಕೆ, ನಾದಿನಿಯ ಮನೆಗೆ ಹೋಗಿದ್ದೆವು. ಎರಡನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಸರೋಜಳಿಗೆ ಉಬ್ಬಸ ಶುರುವಾಯಿತು. ಅವಳ ಇನ್‌ಹೇಲರ್ ಖಾಲಿಯಾಗಿತ್ತು. ಅವಳನ್ನು ನಮ್ಮ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮೂರಿನ ಆಸ್ಪತ್ರೆಗೆ ಹೊರಟೆ.

ನಾನು ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ನಿಯಮವೆಂದರೆ ನಿಯಮ. ಗಾಡಿ ನಿಂತರೆ ಎಂಜಿನ್ ಆರಿಸಬೇಕು ಎಂಬುದು ಅವುಗಳಲ್ಲೊಂದು. ಬ್ಯಾಟರಿ ಸೋತಿದೆ, ದಾರಿಯಲ್ಲಿ ಆಫ್ ಮಾಡಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದ. ಆದರೂ ಕುರಿಮಂದೆಯೊಂದು ರಸ್ತೆ ದಾಟುವಾಗ ನನ್ನ ಕೈ ತಾನಾಗಿ ಕೀ ತಿರುಗಿಸಿಬಿಟ್ಟಿತು. ಕುರಿಗಳು ದಾಟಿದವು. ಮತ್ತೆ ಕೀ ತಿರುಗಿಸಿದರೆ ಕಾರು ಮಾತ್ರ ‘ಟಕ್’ ಎಂದು ಸುಮ್ಮನಾಯಿತು.

ಮಂದೆಯ ಜೊತೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು, ಆಕೆಯ ಇಬ್ಬರು ದೊಡ್ಡ ಮಕ್ಕಳು ಇದ್ದರು. ಮೂವರೂ ಓಡಿಬಂದರು.

“ತಳ್ಳಿದ್ರೆ ಸ್ಟಾರ್ಟ್ ಆಗತೈತೇನ್ರಿ?” ಎಂದ ಹಿರಿಯ ಮಗ.

“ಆಗುತ್ತಪ್ಪ, ಸ್ವಲ್ಪ ಜೋರಾಗಿ ಉರುಳಿದರೆ ಸಾಕು,” ಎಂದೆ. ಅಂಗಿಯ ಜೇಬಿನಲ್ಲಿ ಈಗಲೂ ಇಟ್ಟುಕೊಳ್ಳುವ ವಿಷಲ್ ತೆಗೆದೆ. “ಒಂದು ಸಲ ಊದಿದರೆ ತಳ್ಳಬೇಕು. ಎರಡು ಸಲ ಊದಿದರೆ ವಿಶ್ರಾಮ್!”

ಊದಿದೆ. ಕಾರು ನಾಲ್ಕು ಅಡಿ ಸರಿಯಿತು. ತಳ್ಳುವವರು ದಣಿಯಬಾರದಲ್ಲ, ಎರಡು ಸಲ ಊದಿದೆ. ಅವರು ಕೈಬಿಟ್ಟರು, ಕಾರು ನಿಂತಿತು. ಹೀಗೇ ಆರು ಸಲ. ಹಿಂದೆ ಸರೋಜಳ ಎದೆಯ ಸಿಳ್ಳೆ ನನ್ನ ವಿಷಲ್‌ಗಿಂತ ಜೋರಾಗಿ ಕೇಳತೊಡಗಿತು.

ಆ ತಾಯಿ ಕಿಟಕಿಗೆ ಬಂದರು. “ಮೇಷ್ಟ್ರೇ, ನೀವು ಇಶ್ರಾಮ್ ಅಂದಂಗೆಲ್ಲ ಕಾರೂ ಇಶ್ರಾಮ್ ಮಾಡತೈತೆ. ಆ ಪೀಪಿ ಜೇಬಿಗೆ ಹಾಕ್ರಿ. ಲೇ ಓಬ, ಸುಮ್ನೆ ಒತ್ತಿಕೊಂಡೇ ಹೋಗ್ರಲೇ, ಕೈ ಬಿಡಬ್ಯಾಡ್ರಿ.”

ಹಾಕಿಕೊಂಡೆ. ಈ ಸಲ ಮೂವರೂ ಒಂದೇ ಸಮನೆ ತಳ್ಳಿದರು. ಚಕ್ರ ಉರುಳಿದ್ದೇ ಮೊದಲು ಗೊತ್ತಾಗಲಿಲ್ಲ. ಆಮೇಲೆ ನಡಿಗೆಯ ವೇಗ. ತಳ್ಳುವ ಬಲ ಮೊದಲಿನಷ್ಟೇ, ವೇಗ ಮಾತ್ರ ಏರುತ್ತಲೇ ಹೋಯಿತು. ಕನ್ನಡಿಯಲ್ಲಿ ಆ ತಾಯಿ ಸೀರೆ ಎತ್ತಿಕಟ್ಟಿ ಓಡುತ್ತಿರುವುದು ಕಾಣಿಸಿತು.

“ಈಗ ಬಿಡ್ರಿ ಕ್ಲಚ್ಚು!” ಓಬ ಕೂಗಿದ. ಬಿಟ್ಟೆ. ಕಾರು ಗಡಗಡ ನಡುಗಿ, ಎಂಜಿನ್ ಹತ್ತಿಕೊಂಡಿತು.

“ನಿಲ್ಲಿಸಬ್ಯಾಡ್ರೀ, ಹೋಗ್ರೀ!” ಹಿಂದಿನಿಂದ ಆ ತಾಯಿ ಕೂಗಿದರು.

ನಿಲ್ಲಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೂ ಎಂಜಿನ್ ಆರಿಸದೆ ಇಳಿದೆ. ಹಾಗೆ ಇಳಿದದ್ದು ಅದೇ ಮೊದಲು. ಮೂಗಿಗೆ ಮಾಸ್ಕ್ ಹಾಕಿ ಔಷಧ ಕೊಟ್ಟರು. ಅರ್ಧ ಗಂಟೆಯಲ್ಲಿ ಸಿಳ್ಳೆ ಇಳಿಯಿತು. ಸರೋಜ ಮಾಸ್ಕ್ ಸರಿಸಿ, “ನೀವೂ ಕೂತ್ಕೊಳ್ರಿ. ವಿಶ್ರಾಮ್!” ಎಂದಳು. ಬೆಂಚಿನ ಮೇಲೆ ಕುಸಿದು ಕೂತು ಇಬ್ಬರೂ ನಕ್ಕೆವು.

ಮರುವಾರ ಅದೇ ದಾರಿಯಲ್ಲಿ ಅವರನ್ನು ಹುಡುಕಿದೆ. ಮಂದೆ ಬೇರೆ ಕಡೆ ಹೋಗಿತ್ತು. ಆ ತಾಯಿಯ ಹೆಸರನ್ನೂ ಕೇಳಿರಲಿಲ್ಲ.

ಕಾರಿಗೆ ಹೊಸ ಬ್ಯಾಟರಿ ಬಂದಿದೆ. ಬೆಳಗಿನ ನಡಿಗೆಯಲ್ಲಿ ಸರೋಜ ಏರು ಹತ್ತುವಾಗ ಮೊದಲು “ಬೇಗ, ಬೇಗ!” ಎನ್ನುತ್ತಿದ್ದೆ. ಈಗ ಅವಳ ಬೆನ್ನಿಗೆ ಅಂಗೈ ಕೊಟ್ಟಿರುತ್ತೇನೆ. ಏರು ಮುಗಿಯುವವರೆಗೂ ತೆಗೆಯುವುದಿಲ್ಲ.